ಹೊರಗೆ ಹೋದವರ ಮಾತು, ಒಳಗಿರುವವರ ಮೌನ



ಧರ್ಮವನ್ನು ಬಿಟ್ಟು ಹೋದವನು ಮರುದಿನದಿಂದ ಏನು ಮಾತನಾಡುತ್ತಾನೆ? ಈ ಪ್ರಶ್ನೆಯನ್ನು ನಮ್ಮ ಸಮಾಜದ ಹಿರಿಯರ ಮುಂದಿಟ್ಟರೆ ಸಿದ್ಧವಾದ ಉತ್ತರವೊಂದು ದೊರೆಯುತ್ತದೆ. ಅವನು ದೇವ-ಶಾಸ್ತ್ರ-ಗುರುಗಳನ್ನು ಹಳಿಯುತ್ತಾನೆ. ಒಳಗಿರುವ ಎಳೆಯರ ಮನಸ್ಸನ್ನು ಕೆಡಿಸುತ್ತಾನೆ. ಆದುದರಿಂದ ಅವನೊಡನೆ ಮಾತು ನಿಲ್ಲಿಸುವುದೇ ಕ್ಷೇಮ. ಬಹುಕಾಲ ನಾನೂ ಇದನ್ನೇ ನಂಬಿದ್ದೆ. ನಂಬಿದ್ದು ಮಾತ್ರವಲ್ಲ, ಆ ನಂಬಿಕೆಯ ಕೆಳಗೆ ಸಹಿಯನ್ನೂ ಹಾಕಿದ್ದೆ. ಆ ಸಹಿಯ ವಿಷಯವನ್ನು ಮುಂದೆ ಹೇಳುತ್ತೇನೆ. ಈ ನಂಬಿಕೆ ಸುಳ್ಳೆಂದು ನನಗೆ ತಿಳಿದದ್ದು ನಮ್ಮ ಊರಿನಲ್ಲಿ ಅಲ್ಲ, ನಮ್ಮ ಶಾಸ್ತ್ರಗ್ರಂಥಗಳಿಂದಲೂ ಅಲ್ಲ. ಪರದೇಶದ ಒಂದು ಜಗಲಿಯ ಮೇಲೆ, ಪರಧರ್ಮವನ್ನು ತೊರೆದವರ ನಡುವೆ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳಬೇಕಾಗಿದೆ.

2024ರ ಬೇಸಿಗೆಯಲ್ಲಿ ಮಗಳ ಮನೆಗೆಂದು ಅಮೆರಿಕದ ಪಿಟ್ಸ್‌ಬರ್ಗ್ ನಗರಕ್ಕೆ ಹೋಗಿ ಮೂರು ತಿಂಗಳು ಇದ್ದೆ. ನೆರೆಮನೆಯಲ್ಲಿ ಶಾಲೆಯ ಬಸ್ಸು ನಡೆಸಿ ನಿವೃತ್ತರಾದ ಒಬ್ಬ ತಾಯಿ ಇದ್ದರು. ಪ್ರತಿ ಶನಿವಾರ ಬೆಳಿಗ್ಗೆ ಅವರ ಮನೆಯ ಮುಂದಿನ ಜಗಲಿಯಲ್ಲಿ ನಾಲ್ಕೈದು ಜನ ಸೇರಿ ಕಾಫಿ ಕುಡಿಯುತ್ತ ಕುಳಿತಿರುತ್ತಿದ್ದರು. ಅದನ್ನು ಅವರು ಸಭೆಯೆಂದು ಕರೆಯುತ್ತಿರಲಿಲ್ಲ, ಅಧ್ಯಕ್ಷರಿಲ್ಲ, ಭಾಷಣವಿಲ್ಲ. ಮುದುಕನೊಬ್ಬ ಒಬ್ಬನೇ ಅಂಗಳದಲ್ಲಿ ಓಡಾಡುವುದನ್ನು ಕಂಡು ನನ್ನನ್ನೂ ಕರೆದು ಕೂಡಿಸಿದರು. ಅವರ ಕೇಕಿನಲ್ಲಿ ಮೊಟ್ಟೆಯಿರುವುದರಿಂದ ನಾನು ಮುಟ್ಟುವುದಿಲ್ಲವೆಂದು ತಿಳಿದ ಮೇಲೆ, ಆ ತಾಯಿ ಪ್ರತಿ ವಾರವೂ ನನಗೆಂದು ಬೇರೆ ತಟ್ಟೆಯಲ್ಲಿ ಬಾದಾಮಿಯನ್ನೂ ಸೇಬಿನ ಹೋಳುಗಳನ್ನೂ ಇಡುತ್ತಿದ್ದರು. ನಿಯಮದಲ್ಲಿ ಬದುಕುವವನ ಕಷ್ಟ ನಿಯಮದಲ್ಲಿ ಬದುಕಿದವರಿಗೇ ತಿಳಿಯುತ್ತದೆ. ಅವರೆಲ್ಲರೂ ‘ಯೆಹೋವನ ಸಾಕ್ಷಿಗಳು’ ಎಂಬ ಕ್ರೈಸ್ತ ಪಂಥದಲ್ಲಿ ಬೆಳೆದು, ಅದರಿಂದ ಹೊರಬಂದವರು ಅಥವಾ ಹೊರಹಾಕಲ್ಪಟ್ಟವರು.

ಈ ಪಂಥ ನಮ್ಮ ಓದುಗರಿಗೆ ತೀರ ಅಪರಿಚಿತವಲ್ಲ. ‘ಕಾವಲಿನಬುರುಜು’ ಎಂಬ ಕನ್ನಡ ಪತ್ರಿಕೆಯನ್ನು ಹಿಡಿದು ಇಬ್ಬಿಬ್ಬರಾಗಿ ಬಂದು ವಿನಯದಿಂದ ಮಾತನಾಡುವವರನ್ನು ನಮ್ಮ ನಗರಗಳಲ್ಲಿಯೂ ಕೆಲವರು ಕಂಡಿರಬಹುದು. ಚಾರ್ಲ್ಸ್ ಟೇಜ್ ರಸೆಲ್ ಎಂಬವರು 1879ರಲ್ಲಿ ಇದೇ ಪಿಟ್ಸ್‌ಬರ್ಗಿನಿಂದ ಆ ಪತ್ರಿಕೆಯ ಮೂಲವನ್ನು ಹೊರಡಿಸಿದರು. 1931ರಲ್ಲಿ ಪಂಥವು ಈಗಿನ ಹೆಸರನ್ನು ತಳೆಯಿತು. ಇಂದು ಜಗತ್ತಿನಲ್ಲಿ ಸುಮಾರು 90 ಲಕ್ಷ ಅನುಯಾಯಿಗಳಿದ್ದಾರೆ. ಅವರಲ್ಲಿ ಹುಟ್ಟುಹಬ್ಬವಿಲ್ಲ, ಕ್ರಿಸ್‌ಮಸ್ ಇಲ್ಲ, ಧ್ವಜವಂದನೆಯಿಲ್ಲ, ಸೈನ್ಯಸೇವೆಯಿಲ್ಲ. ಪ್ರಾಣ ಹೋಗುವಂತಿದ್ದರೂ ಪರರ ರಕ್ತವನ್ನು ಸ್ವೀಕರಿಸುವಂತಿಲ್ಲ.

ಅವರ ದಾರ್ಢ್ಯವನ್ನು ನಾನು ಹಗುರಾಗಿ ಕಾಣುವುದಿಲ್ಲ. ಹಿಟ್ಲರನ ಜರ್ಮನಿಯಲ್ಲಿ ಆಯುಧ ಹಿಡಿಯಲು ಒಪ್ಪದೆ, ನಾಯಕನಿಗೆ ಜಯಕಾರ ಹೇಳಲೊಪ್ಪದೆ, ಎದೆಯ ಮೇಲೆ ನೇರಳೆ ಬಣ್ಣದ ತ್ರಿಕೋನವನ್ನು ಧರಿಸಿ ಸೆರೆಶಿಬಿರಗಳಲ್ಲಿ ಸತ್ತವರು ಅವರಲ್ಲಿದ್ದಾರೆ. ನಮ್ಮ ದೇಶದಲ್ಲಿಯೇ 1985ರಲ್ಲಿ ಕೇರಳದ ಶಾಲೆಯೊಂದು ರಾಷ್ಟ್ರಗೀತೆಯ ಸಮಯದಲ್ಲಿ ಗೌರವದಿಂದ ಎದ್ದು ನಿಂತರೂ ಹಾಡದ ಈ ಪಂಥದ ಮೂವರು ಮಕ್ಕಳನ್ನು ಹೊರಗೆ ಹಾಕಿತು. 1986ರಲ್ಲಿ ಸುಪ್ರೀಂ ಕೋರ್ಟು ಆ ಮಕ್ಕಳ ಪರವಾಗಿ ತೀರ್ಪು ಕೊಟ್ಟಿತು. 2014ರಲ್ಲಿ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತರೆಂದು ಘೋಷಿತರಾದ ನಾವೂ ಆ ತೀರ್ಪಿನ ನೆರಳಿನಲ್ಲಿಯೇ ಇದ್ದೇವೆ.

ಆದರೆ ಹೊರಗಿನವರು ಹೊರಗಟ್ಟಿದಾಗ ಅಷ್ಟು ನೊಂದ ಪಂಥವೇ ತನ್ನವರನ್ನು ಹೊರಗಟ್ಟುವುದರಲ್ಲಿ ಬಹು ಕಠಿಣವಾಗಿದೆ. 1952ರಲ್ಲಿ ಬಹಿಷ್ಕಾರದ ಕ್ರಮ ಖಚಿತ ನಿಯಮವಾಯಿತು. 1981ರಲ್ಲಿ ಅದನ್ನು ಮತ್ತೂ ಬಿಗಿಗೊಳಿಸಿ, ತಾನಾಗಿಯೇ ಪಂಥವನ್ನು ತೊರೆದವನಿಗೂ ಅದೇ ಶಿಕ್ಷೆಯೆಂದು ವಿಧಿಸಿದರು. ಅಂಥವನಿಗೆ ನಮಸ್ಕಾರ ಹೇಳಬಾರದು, ಅವನೊಡನೆ ಒಂದೇ ಮೇಜಿನಲ್ಲಿ ಉಣ್ಣಬಾರದು. ಒಂದೇ ಮನೆಯಲ್ಲಿ ವಾಸಿಸುವವರಿಗೆ ಗೃಹಕೃತ್ಯದ ಮಟ್ಟಿಗೆ ವಿನಾಯಿತಿ. ಬೇರೆ ಮನೆ ಮಾಡಿದ ಮಗನಿಗೆ, ಮಗಳಿಗೆ ಅದೂ ಇಲ್ಲ. ರೇಮಂಡ್ ಫ್ರಾಂಜ್ ಎಂಬವರು ಒಂಬತ್ತು ವರ್ಷ ಈ ಪಂಥದ ಪರಮೋಚ್ಚ ಆಡಳಿತ ಮಂಡಳಿಯ ಸದಸ್ಯರಾಗಿದ್ದರು. ಅವರ ಚಿಕ್ಕಪ್ಪನೇ ಆಗ ಸಂಸ್ಥೆಯ ಅಧ್ಯಕ್ಷ. 1980ರಲ್ಲಿ ಅವರು ಮಂಡಳಿಯನ್ನು ಬಿಡಬೇಕಾಯಿತು. ಮರುವರ್ಷ ಅವರನ್ನು ಬಹಿಷ್ಕರಿಸಿದರು. ಆರೋಪವೇನು? ಪಂಥವನ್ನು ತೊರೆದಿದ್ದ ಒಬ್ಬನೊಡನೆ ಕುಳಿತು ಊಟ ಮಾಡಿದರೆಂಬುದು. ಆ ಒಬ್ಬನು ಅವರಿಗೆ ಕೆಲಸ ಕೊಟ್ಟ ಧಣಿ. ಅನ್ನ ಕೊಟ್ಟವನೊಡನೆ ಅನ್ನ ಉಂಡದ್ದೇ ಅಪರಾಧವಾಯಿತು.

ಇಂಥ ನಿಯಮದಿಂದ ಹೊರಬಿದ್ದವರು ವಾರಕ್ಕೊಮ್ಮೆ ಕೂಡಿದಾಗ ಬಿಸಿಬಿಸಿಯಾದ ಧರ್ಮನಿಂದೆ ನಡೆಯಬೇಕಲ್ಲವೇ? ನಾನೂ ಅದನ್ನೇ ಕಾದು ಕುಳಿತಿದ್ದೆ. ಹನ್ನೆರಡು ಶನಿವಾರಗಳಲ್ಲಿ ದೇವರಿದ್ದಾನೋ ಇಲ್ಲವೋ ಎಂಬ ಮಾತು ಒಮ್ಮೆ ಬಂದಿರಬಹುದು. ಅದೂ ಮಳೆ ಬಂದು ಮುರಿದುಹೋಯಿತು. ಒಬ್ಬರು ಹೇಳಿದರು: ಮನೆಮನೆಗೆ ಪ್ರಚಾರಕ್ಕೆ ಹೋಗುವುದನ್ನು ಬಿಟ್ಟು ಹದಿನೈದು ವರ್ಷವಾದರೂ ಶನಿವಾರ ಬೆಳಗಾಗುತ್ತಲೇ ಎಚ್ಚರವಾಗುತ್ತದೆ, ಕೈ ತಾನಾಗಿಯೇ ಚೀಲವನ್ನು ಹುಡುಕುತ್ತದೆ. ಇನ್ನೊಬ್ಬರು ನಲವತ್ತೆಂಟನೆಯ ವಯಸ್ಸಿನಲ್ಲಿ ಜೀವನದ ಮೊದಲ ಹುಟ್ಟುಹಬ್ಬವನ್ನು ಆಚರಿಸಿದರಂತೆ. ಮೇಣದ ಬತ್ತಿಗಳನ್ನು ಹಾಡಿನ ಮೊದಲು ಆರಿಸಬೇಕೋ ಅನಂತರವೋ ಎಂದು ತಿಳಿಯದೆ ಮೊಮ್ಮಗನ ಮುಖ ನೋಡಿದೆನೆಂದು ನಕ್ಕರು. ರಕ್ತ ಕೊಡಬೇಡಿರೆಂದು ವೈದ್ಯರಿಗೆ ತಿಳಿಸುವ ಚೀಟಿಯನ್ನು ಈಗಲೂ ಪರ್ಸಿನಿಂದ ತೆಗೆದಿಲ್ಲವೆಂದು ಮತ್ತೊಬ್ಬರು ಒಪ್ಪಿಕೊಂಡರು. ಏಕೆಂದು ಕೇಳಿದರೆ, ಅದರ ಮೇಲೆ ಸಾಕ್ಷಿಯಾಗಿ ತಂದೆಯ ಸಹಿ ಇದೆ, ಅವರ ಕೈಬರಹ ತನ್ನಲ್ಲಿ ಬೇರೆಲ್ಲಿಯೂ ಇಲ್ಲ ಎಂದರು.

ನೆರೆಮನೆಯ ಆ ತಾಯಿ ಮಾತ್ರ ಕಡಿಮೆ ಮಾತಿನವರು. ಅವರ ತಾಯಿ ಇನ್ನೂ ಬದುಕಿದ್ದಾರೆ. ಎಂಬತ್ತೇಳು ವರ್ಷ, ಅದೇ ಊರು. ಒಂದು ದಿನ ದಿನಸಿ ಅಂಗಡಿಯಲ್ಲಿ ಇಬ್ಬರೂ ಎದುರಾದರು. ವೃದ್ಧೆ ತಳ್ಳುಗಾಡಿಯನ್ನು ನಿಧಾನವಾಗಿ ತಿರುಗಿಸಿಕೊಂಡು ಬೇರೆ ಸಾಲಿಗೆ ಹೋದರು. ಇವರು ಮನೆಗೆ ಬಂದು ನಮಗೆ ಹೇಳಿದ್ದು ಇಷ್ಟೇ: ‘ಅವ್ವ ಈಗ ಉಪ್ಪಿಲ್ಲದ ಬಿಸ್ಕತ್ತು ಕೊಳ್ಳುತ್ತಿದ್ದಾಳೆ. ರಕ್ತದೊತ್ತಡ ಇರಬೇಕು.’ 2024ರ ಮಾರ್ಚಿನಲ್ಲಿ ಪಂಥದವರು ನಿಯಮವನ್ನು ತುಸು ಸಡಿಲಿಸಿ, ಹೊರಹಾಕಲ್ಪಟ್ಟವನು ತಮ್ಮ ಸಭಾಗೃಹಕ್ಕೆ ಬಂದರೆ ಚಿಕ್ಕದಾಗಿ ಸ್ವಾಗತ ಹೇಳಬಹುದೆಂದು ಒಪ್ಪಿದ್ದರು. ಪಂಥವನ್ನು ವಿರೋಧಿಸುವವರಿಗೆ ಅದೂ ಇಲ್ಲ. ಆ ಬಗ್ಗೆ ಚರ್ಚೆ ಬಂದಾಗ ಈ ತಾಯಿ, ‘ಸಭಾಗೃಹಕ್ಕೆ ಹೋದರೆ ಅವ್ವ ಒಂದು ಮಾತು ಹೇಳಿಯಾಳು, ಅಂಗಡಿಯಲ್ಲಿ ಹೇಳಲಾರಳು’ ಎಂದು ಸುಮ್ಮನಾದರು.

ಹೊರಗೆ ಹೋದವರ ನಿತ್ಯದ ಮಾತು ಇಂಥದು. ಅದರಲ್ಲಿ ತತ್ತ್ವಖಂಡನೆ ಕಡಿಮೆ, ಮನೆಯ ನೆನಪು ಹೆಚ್ಚು. ಒಡಲಲ್ಲಿ ಉಳಿದ ಅಭ್ಯಾಸ, ತಾಯಿಯ ಆರೋಗ್ಯ, ತಂದೆಯ ಸಹಿ, ಬಾರದ ಮದುವೆಯ ಕರೆ, ತಡವಾಗಿ ತಿಳಿದ ಸಾವು. ಧರ್ಮವು ಅವರನ್ನು ಬಿಟ್ಟಿತೆಂದು ಅದರ ಹಿರಿಯರು ಘೋಷಿಸಿದ್ದಾರೆ. ಅವರು ಧರ್ಮವನ್ನು ಅಷ್ಟು ಪೂರ್ಣವಾಗಿ ಬಿಟ್ಟಿಲ್ಲ. ಇನ್ನು ಬಹಿಷ್ಕಾರದಿಂದ ಒಳಗಿನವರು ಉಳಿಯುತ್ತಾರೆಯೇ? ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2014ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಈ ಪಂಥದಲ್ಲಿ ಬೆಳೆದವರ ಪೈಕಿ ನೂರಕ್ಕೆ 34 ಮಂದಿ ಮಾತ್ರ ವಯಸ್ಕರಾದ ಮೇಲೂ ಅದರಲ್ಲಿ ಉಳಿದಿದ್ದಾರೆ. ವ್ಯಾಪಾರಿಯಾದ ನನಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಬಾಗಿಲಿಗೆ ಎಷ್ಟು ದೊಡ್ಡ ಬೀಗ ಹಾಕಿದರೂ ಹೋಗುವವರು ಹೋದರು. ಆ ಬೀಗ ತಡೆದದ್ದು ಹಿಂದಿರುಗುವವರನ್ನು ಮಾತ್ರ.

ಇಲ್ಲಿಯವರೆಗೆ ಓದಿದ ಬಂಧುಗಳು, ಪರಮತದ ದೋಷವನ್ನು ಚೆನ್ನಾಗಿ ಎತ್ತಿ ತೋರಿಸಿದಿರಿ ಎಂದು ನನ್ನನ್ನು ಮೆಚ್ಚಬಹುದು. ದಯವಿಟ್ಟು ಮೆಚ್ಚಬೇಡಿರಿ. ಈಗ ನನ್ನ ಸಹಿಯ ವಿಷಯಕ್ಕೆ ಬರುತ್ತೇನೆ.

2008ರಲ್ಲಿ ನಮ್ಮ ಊರಿನ ಬಸದಿಯ ಟ್ರಸ್ಟಿನಲ್ಲಿ ನಾನು ಖಜಾಂಚಿಯಾಗಿದ್ದೆ. ನಮ್ಮ ಬೀದಿಯ ತರುಣನೊಬ್ಬ ಅದಕ್ಕೆ ಎರಡು ವರ್ಷ ಹಿಂದೆ ಕ್ಷುಲ್ಲಕ ದೀಕ್ಷೆಯನ್ನು ಪಡೆದಿದ್ದ. ದೀಕ್ಷೆಯ ದಿನ ಆನೆಯ ಮೇಲೆ ಮೆರವಣಿಗೆ ಮಾಡಿಸಿದವರು ನಾವೇ. ದೇಹ ಸಹಕರಿಸಲಿಲ್ಲವೋ, ಮನಸ್ಸು ನಿಲ್ಲಲಿಲ್ಲವೋ, ಅವನು ಪಿಂಛಿ-ಕಮಂಡಲುಗಳನ್ನು ಗುರುಗಳ ಪಾದದ ಬಳಿ ಇರಿಸಿ ಮನೆಗೆ ಮರಳಿದ. ಗುರುಗಳು ಅವನನ್ನು ಶಪಿಸಲಿಲ್ಲ. ಆಶೀರ್ವದಿಸಿ ಕಳುಹಿಸಿದರೆಂದು ಆಗಲೇ ಕೇಳಿದ್ದೆವು. ಶಪಿಸುವ ಕೆಲಸವನ್ನು ಟ್ರಸ್ಟು ವಹಿಸಿಕೊಂಡಿತು. ಹನ್ನೊಂದು ಜನ ಕುಳಿತು ಠರಾವು ಮಾಡಿದೆವು: ಅವನಿಗೆ ಅಭಿಷೇಕ-ಪೂಜೆಯ ಅವಕಾಶವಿಲ್ಲ, ಸಮಾಜದ ಊಟದ ಪಂಕ್ತಿಯಲ್ಲಿ ಸ್ಥಾನವಿಲ್ಲ, ಅವನ ಮನೆಯ ಶುಭಾಶುಭಗಳಿಗೆ ಟ್ರಸ್ಟಿನ ಪಾತ್ರೆ, ಜಮಖಾನೆ, ಸಭಾಭವನ ಕೊಡತಕ್ಕದ್ದಲ್ಲ. ನನ್ನ ಅಕ್ಷರ ದುಂಡಗಿದೆಯೆಂದು ಠರಾವಿನ ಪುಸ್ತಕದಲ್ಲಿ ಬರೆಯುವ ಕೆಲಸ ನನಗೆ ಬಂತು. ಬರೆದೆ, ಸಹಿ ಹಾಕಿದೆ. ಅವನನ್ನು ಕರೆಸಿ ಒಂದು ಮಾತು ಕೇಳಬೇಕೆಂದು ಹನ್ನೊಂದು ಜನರಲ್ಲಿ ಒಬ್ಬರಿಗೂ ತೋಚಲಿಲ್ಲ.

ಅವನು ಬೇರೆ ತಾಲ್ಲೂಕಿಗೆ ಹೋಗಿ ಪಂಪುಸೆಟ್ಟು ರಿಪೇರಿಯ ಅಂಗಡಿ ಇಟ್ಟುಕೊಂಡ. 2017ರಲ್ಲಿ ಅವನ ತಾಯಿ ತೀರಿಕೊಂಡಳು. ಅವನು ಬಂದ. ಹೆಗಲು ಕೊಡಲು ಮುಂದಾದಾಗ ಯಾರೋ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅಷ್ಟೇ ಸಾಕಾಯಿತು. ಅವನ ತಮ್ಮನೂ ದಾಯಾದಿಗಳೂ ಹೊತ್ತರು. ಅವನು ಇಪ್ಪತ್ತು ಮಾರು ಹಿಂದೆ ನಡೆದು ಬಂದು ಸ್ಮಶಾನದ ಹುಣಸೆಮರದ ಕೆಳಗೆ ನಿಂತ. ಏಪ್ರಿಲ್ ತಿಂಗಳ ಬಿಸಿಲು. ಅವನಿಗೆ ಒಂದು ಚೊಂಬು ನೀರನ್ನು ಯಾರೂ ಕೊಡಲಿಲ್ಲ. ಏಕೇಂದ್ರಿಯ ಜೀವಕ್ಕೂ ನೋವಾಗದಂತೆ ನಡೆಯಬೇಕೆಂದು ಮಕ್ಕಳಿಗೆ ಕಲಿಸುವ ನಾವು ಸುಮಾರು ಎಂಬತ್ತು ಜನ ಅಲ್ಲಿದ್ದೆವು.

ಪಿಟ್ಸ್‌ಬರ್ಗಿನ ಆ ತಾಯಿ ಬಿಸ್ಕತ್ತಿನ ಮಾತು ಹೇಳಿದ ರಾತ್ರಿ ನನಗೆ ನೆನಪಾದದ್ದು ಈ ಹುಣಸೆಮರ. ಸೆಪ್ಟೆಂಬರಿನಲ್ಲಿ ಊರಿಗೆ ಮರಳಿದಾಗ ದಶಲಕ್ಷಣ ಪರ್ವ ಮುಗಿದಿತ್ತು. ಅವನ ನಂಬರನ್ನು ಅವನ ತಮ್ಮನಿಂದ ಪಡೆದು ಫೋನು ಮಾಡಿದೆ. ನಿಂದೆ ಕೇಳಲು ಸಿದ್ಧನಾಗಿದ್ದೆ. ಕೇಳಿದ್ದರೆ ನನಗೂ ಹಗುರಾಗುತ್ತಿತ್ತು. ಅವನು ಕೇಳಿದ್ದು: ‘ಕಾಕಾ, ಈ ಸಲ ತೊಗರಿ ಹೇಗೆ? ಬಸದಿಯ ಹಿಂದಿನ ಬಾವಿಯಲ್ಲಿ ನೀರಿದೆಯೇ? ಪಾಠಶಾಲೆಯಲ್ಲಿ ಈಗ ಯಾರು ಹೇಳಿಕೊಡುತ್ತಾರೆ?’ ಏಳೆಂಟು ನಿಮಿಷ ಇಂಥ ಮಾತೇ. ಕೊನೆಗೆ ತಾನಾಗಿಯೇ ಹೇಳಿದ: ‘ಈಗಲೂ ಹೊತ್ತು ಮುಳುಗುವ ಮೊದಲೇ ಊಟ ಮಾಡುತ್ತೇನೆ, ಕಾಕಾ. ಅದೊಂದು ಬಿಡಲಾಗಲಿಲ್ಲ.’ ಶನಿವಾರ ಎಚ್ಚರವಾಗುವ ಅಮೆರಿಕದವನ ಮಾತಿಗೂ ಇವನ ಮಾತಿಗೂ ಏನು ಅಂತರ? ನಮ್ಮ ಠರಾವಿಗೂ ಅವರ ಠರಾವಿಗೂ ಏನು ಅಂತರ? ಒಂದು ಅಂತರವಿದೆ. ಅವರು ತಮ್ಮ ಶಾಸ್ತ್ರದ ಅರ್ಥವೆಂದು ನಂಬಿದ್ದನ್ನು ಅನುಸರಿಸಿದರು. ನಾವು ನಮ್ಮ ಶಾಸ್ತ್ರಕ್ಕೆ ವಿರುದ್ಧವಾಗಿ ನಡೆದೆವು.

ಈ ಮಾತನ್ನು ಹೊಣೆಯರಿತೇ ಹೇಳುತ್ತಿದ್ದೇನೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನಕ್ಕೆ ಎಂಟು ಅಂಗಗಳನ್ನು ಹೇಳುತ್ತಾರೆ. ಅವುಗಳಲ್ಲಿ ಐದನೆಯದು ಉಪಗೂಹನ, ಆರನೆಯದು ಸ್ಥಿತೀಕರಣ, ಏಳನೆಯದು ವಾತ್ಸಲ್ಯ. ಅಂಗಹೀನವಾದ ದರ್ಶನವು ಸಂಸಾರವನ್ನು ಕಡಿಯಲಾರದು, ಅಕ್ಷರ ಕಳೆದ ಮಂತ್ರ ವಿಷವನ್ನು ಇಳಿಸಲಾರದಂತೆ, ಎಂಬುದು ಅವರ ಅಭಿಪ್ರಾಯ. ಸ್ಥಿತೀಕರಣವೆಂದರೇನು? ದರ್ಶನದಿಂದಲೋ ಚಾರಿತ್ರದಿಂದಲೋ ಜಾರುತ್ತಿರುವವನನ್ನು ಧರ್ಮವತ್ಸಲರಾದವರು ಮತ್ತೆ ಅದರಲ್ಲಿ ನಿಲ್ಲಿಸುವುದು. ಜಾರಿದವನನ್ನು ನಿಲ್ಲಿಸಬೇಕಾದರೆ ಅವನ ಕೈಯನ್ನು ಹಿಡಿಯಬೇಕು. ಪಂಕ್ತಿಯಿಂದ ಎಬ್ಬಿಸಿ ಹಿಡಿಯುವ ಕೈ ಯಾವುದು?

ಈ ಅಂಗಗಳಿಗೆ ಆಚಾರ್ಯರು ಹೆಸರಿಸಿದ ದೃಷ್ಟಾಂತಗಳನ್ನು ನೋಡಿರಿ. ಸ್ಥಿತೀಕರಣಕ್ಕೆ ವಾರಿಷೇಣ. ಅವನೊಡನೆ ಮುನಿಯಾದ ಪುಷ್ಪಡಾಲನು ಹನ್ನೆರಡು ವರ್ಷ ತಪಸ್ಸಿನ ನಡುವೆಯೂ ಮನೆಯಲ್ಲಿ ಬಿಟ್ಟುಬಂದ ಹೆಂಡತಿಯನ್ನೇ ಧ್ಯಾನಿಸುತ್ತಿದ್ದ. ವಾರಿಷೇಣನು ಅದನ್ನು ಊರಿಗೆ ಸಾರಲಿಲ್ಲ. ಅವನನ್ನು ಜೊತೆಯಲ್ಲಿ ಕರೆದುಕೊಂಡು ತನ್ನದೇ ಅರಮನೆಗೆ ನಡೆದು, ತಾನು ಬಿಟ್ಟುಬಂದ ಭೋಗವನ್ನು ಅವನಿಗೆ ತೋರಿಸಿ, ಅವನ ಕಣ್ಣು ತೆರೆಸಿದ. ತನ್ನ ಮೇಲೆ ಸಂಶಯ ಬರಬಹುದೆಂಬ ಭಯವನ್ನೂ ಲೆಕ್ಕಿಸಲಿಲ್ಲ. ಉಪಗೂಹನಕ್ಕೆ ಜಿನೇಂದ್ರಭಕ್ತ; ನನ್ನ ಹಾಗೆ ವರ್ತಕ. ಕ್ಷುಲ್ಲಕನ ವೇಷದಲ್ಲಿ ಬಂದ ಕಳ್ಳನು ಅವನ ಚೈತ್ಯಾಲಯದ ಛತ್ರದ ರತ್ನವನ್ನು ಕದ್ದು ಸಿಕ್ಕಿಬಿದ್ದಾಗ, ‘ನಾನೇ ತರಲು ಹೇಳಿದ್ದೆ’ ಎಂದು ಕಾವಲುಗಾರರಿಂದ ಬಿಡಿಸಿ, ಏಕಾಂತದಲ್ಲಿ ಬುದ್ಧಿ ಹೇಳಿದ. ಕಳ್ಳನಿಗೆ ದೊರೆತ ಮರ್ಯಾದೆ ನಮ್ಮ ಬೀದಿಯ ಮಗನಿಗೆ ದೊರೆಯಲಿಲ್ಲ.

ಸಮಂತಭದ್ರರ ಸ್ವಂತ ಜೀವನದ ಬಗ್ಗೆ ನಮ್ಮ ಪರಂಪರೆ ಹೇಳುವ ಕಥೆಯೂ ಎಲ್ಲರಿಗೂ ಗೊತ್ತಿರುವುದೇ. ಭಸ್ಮಕವ್ಯಾಧಿಯಿಂದ ಎಷ್ಟು ಉಂಡರೂ ತೀರದ ಹಸಿವು ಅವರನ್ನು ಹಿಡಿಯಿತು. ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಗುರುಗಳು ಒಪ್ಪದೆ, ಮುನಿವೇಷವನ್ನು ಇಳಿಸಿ ಮೊದಲು ವ್ಯಾಧಿಯನ್ನು ಗುಣಪಡಿಸಿಕೊಳ್ಳುವಂತೆ ಹೇಳಿದರು. ಅವರು ವೇಷವನ್ನು ಬಿಟ್ಟರು. ಪರಮತದ ದೇಗುಲದ ನೈವೇದ್ಯವನ್ನು ಉಂಡರು. ಗುಣವಾದ ಮೇಲೆ ಮತ್ತೆ ದೀಕ್ಷೆ ಪಡೆದರು. ಆ ದಿನ ಅವರ ಗುರುಗಳ ಸ್ಥಾನದಲ್ಲಿ ನಮ್ಮ ಟ್ರಸ್ಟಿನ ಹನ್ನೊಂದು ಜನ ಕುಳಿತಿದ್ದರೆ, ನಾವು ಇಂದು ಯಾರ ಗ್ರಂಥವನ್ನು ಸ್ವಾಧ್ಯಾಯ ಮಾಡುತ್ತಿದ್ದೆವು?

ಇನ್ನೂ ಹಿಂದಕ್ಕೆ ಹೋಗೋಣ. ಪಂಪನು ಕ್ರಿ.ಶ. 941ರಲ್ಲಿ ರಚಿಸಿದ ಆದಿಪುರಾಣಕ್ಕೆ ಆಧಾರವಾದ ಜಿನಸೇನಾಚಾರ್ಯರ ಕೃತಿಯಲ್ಲಿ, ಆದಿತೀರ್ಥಂಕರರೊಡನೆ ನಾಲ್ಕು ಸಾವಿರ ಅರಸರು ದೀಕ್ಷೆ ಪಡೆದರು. ಸ್ವಾಮಿಯು ಆರು ತಿಂಗಳ ಪ್ರತಿಮಾಯೋಗದಲ್ಲಿ ನಿಂತಾಗ ಅವರು ಹಸಿವು ಬಾಯಾರಿಕೆಗಳನ್ನು ತಾಳಲಾರದೆ ವ್ರತಭ್ರಷ್ಟರಾದರು. ಭರತಚಕ್ರವರ್ತಿಯ ಮಗ ಮರೀಚಿಯೂ ಅವರಲ್ಲಿ ಒಬ್ಬ. ಸ್ವಾಮಿಗೆ ಕೇವಲಜ್ಞಾನವಾದ ಮೇಲೆ ಹಲವರು ಮರಳಿ ಬಂದರು. ಸಮವಸರಣದ ಬಾಗಿಲು ಅವರಿಗೆ ಮುಚ್ಚಿರಲಿಲ್ಲ. ಮರೀಚಿ ಬರಲಿಲ್ಲ. ಬದಲಾಗಿ ಬೇರೆ ಮತವನ್ನೇ ಹರಡಿದ. ಅನೇಕ ಭವಗಳ ನಂತರ ಅದೇ ಜೀವ ಸಿಂಹವಾಗಿ ಜಿಂಕೆಯನ್ನು ಕೊಂದು ತಿನ್ನುತ್ತಿದ್ದಾಗ, ಇಬ್ಬರು ಚಾರಣಮುನಿಗಳು ಆಕಾಶದಿಂದ ಇಳಿದು ಬಂದು ಅದಕ್ಕೆ ಧರ್ಮವನ್ನು ಹೇಳಿದರು. ಆ ಜೀವವೇ ಮುಂದೆ ಭಗವಾನ್ ಮಹಾವೀರ. ಬಾಯಲ್ಲಿ ರಕ್ತವಿದ್ದ ಸಿಂಹದೊಡನೆ ಮುನಿಗಳು ಮಾತು ಬಿಡಲಿಲ್ಲ. ಪಂಪುಸೆಟ್ಟು ರಿಪೇರಿ ಮಾಡಿ ಬದುಕುವ, ಹಗಲೇ ಉಣ್ಣುವ ಒಬ್ಬ ಶ್ರಾವಕನೊಡನೆ ನಾವು ಮಾತು ಬಿಟ್ಟೆವು.

ನನಗೆ ಬರಬಹುದಾದ ಆಕ್ಷೇಪಗಳನ್ನು ಬಲ್ಲೆ. ಮೊದಲನೆಯದು: ‘ಶಾಸ್ತ್ರದಲ್ಲಿಯೇ ಪರಿಹಾರವೆಂಬ ಪ್ರಾಯಶ್ಚಿತ್ತವಿದೆ; ಅದು ಹೊರಗಿಡುವುದೇ ಅಲ್ಲವೇ?’ ಇದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಪ್ರಾಯಶ್ಚಿತ್ತದ ಒಂಬತ್ತು ಭೇದಗಳಿವೆ. ಆಲೋಚನೆಯಿಂದ ಆರಂಭವಾಗುವ ಆ ಪಟ್ಟಿಯಲ್ಲಿ ಪರಿಹಾರವು ಎಂಟನೆಯದು. ಆದರೆ ಪಟ್ಟಿ ಅಲ್ಲಿಗೆ ಮುಗಿಯುವುದಿಲ್ಲ. ಒಂಬತ್ತನೆಯದು ಉಪಸ್ಥಾಪನ, ಎಂದರೆ ಮತ್ತೆ ದೀಕ್ಷೆಯಿತ್ತು ನಿಲ್ಲಿಸುವುದು. ಪರಿಹಾರಕ್ಕೆ ಕಾಲದ ಮಿತಿಯಿದೆ. ಅದನ್ನು ವಿಧಿಸುವವರು ಆಚಾರ್ಯರು. ವಿಧಿಸುವುದು ಸಂಘದಲ್ಲಿಯೇ ಉಳಿಯಬಯಸುವ ಸಾಧುವಿಗೆ, ಅವನ ಶುದ್ಧಿಗಾಗಿ. ನಮ್ಮ ಠರಾವಿಗೆ ಕಾಲಮಿತಿಯಿರಲಿಲ್ಲ, ಆಚಾರ್ಯರಿರಲಿಲ್ಲ, ಶುದ್ಧಿಯ ಉದ್ದೇಶವೂ ಇರಲಿಲ್ಲ. ಸಾರ್ವಜನಿಕ ಟ್ರಸ್ಟಿನ ಆಡಳಿತ ಮಂಡಳಿ ದೇವಸ್ವದ ಲೆಕ್ಕ ನೋಡಲು ನೇಮಕವಾದದ್ದು. ಆತ್ಮಗಳ ಲೆಕ್ಕವನ್ನು ಅದಕ್ಕೆ ಯಾರೂ ವಹಿಸಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು: ‘ಬಿಟ್ಟವನಿಗೂ ಇದ್ದವನಿಗೂ ಒಂದೇ ಮರ್ಯಾದೆಯಾದರೆ ವ್ರತಕ್ಕೆ ಬೆಲೆಯೇನು? ಶಿಸ್ತು ಉಳಿಯುವುದು ಹೇಗೆ?’ ವ್ರತದ ಬೆಲೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಕ್ಷುಲ್ಲಕಪದವನ್ನು ಬಿಟ್ಟವನಿಗೆ ಕ್ಷುಲ್ಲಕರಿಗೆ ಸಲ್ಲುವ ಇಚ್ಛಾಕಾರ ಸಲ್ಲದು. ಅದನ್ನು ಅವನೂ ಕೇಳುವುದಿಲ್ಲ. ಪದವಿಗೆ ಸಲ್ಲುವ ಗೌರವ ಬೇರೆ, ಮನುಷ್ಯನಿಗೆ ಸಲ್ಲುವ ನೀರು ಬೇರೆ. ವ್ರತವೆಂಬುದು ತಾನೇ ತನಗೆ ಹಾಕಿಕೊಂಡ ಕಟ್ಟು. ನೆರೆಯವರ ಭಯದಿಂದ ಉಳಿದ ವ್ರತವು ವ್ರತವಾಗಲಾರದು. ಅದು ಮಾಯಾಶಲ್ಯ, ಮತ್ತು ಶಲ್ಯವಿಲ್ಲದವನೇ ವ್ರತಿಯೆಂದು ಉಮಾಸ್ವಾಮಿಗಳ ಮತ. ಹೊರಹಾಕುವ ಭಯದಿಂದ ಒಳಗೆ ಉಳಿಸಿಕೊಂಡವರನ್ನು ಎಣಿಸಿ ಸಮಾಜ ಬಲವಾಗಿದೆಯೆನ್ನುವುದು, ವಸೂಲಾಗದ ಬಾಕಿಯನ್ನು ಆಸ್ತಿಯೆಂದು ತೋರಿಸಿ ಅಢಾವೆ ಪತ್ರಿಕೆಯನ್ನು ಸರಿದೂಗಿಸಿದಂತೆ.

ಮೂರನೆಯವರು ಕಾನೂನಿನ ಮಾತು ತೆಗೆಯುತ್ತಾರೆ. ಬಹಿಷ್ಕಾರವನ್ನು ನಿಷೇಧಿಸಿ ಮುಂಬಯಿ ಪ್ರಾಂತ 1949ರಲ್ಲಿ ಮಾಡಿದ ಕಾಯಿದೆಯನ್ನು, ದಾವೂದಿ ಬೋಹರಾ ಸಮುದಾಯದ ಧರ್ಮಗುರುಗಳ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1962ರಲ್ಲಿ ರದ್ದುಗೊಳಿಸಿತು. ಆ ಪ್ರಶ್ನೆಯನ್ನು 2023ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು. ಮಹಾರಾಷ್ಟ್ರವು 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಬೇರೆ ಶಾಸನ ಮಾಡಿತು. ಕಾನೂನು ಹೀಗೂ ಹಾಗೂ ಹೊರಳಬಹುದು. ನನ್ನ ಪ್ರಶ್ನೆ ಅದಲ್ಲ. ನ್ಯಾಯಾಲಯವು ಬೇಡವೆಂದ ಮೇಲೆ ಬಿಡುವುದಾದರೆ ನಮ್ಮ ಅಹಿಂಸೆ ದಂಡದ ಭಯದ ಅಹಿಂಸೆಯಾಯಿತು. ಪ್ರಮತ್ತಯೋಗದಿಂದ ಪ್ರಾಣಕ್ಕೆ ಮಾಡುವ ಆಘಾತವೇ ಹಿಂಸೆಯೆಂದು ಕಲಿತವರು ನಾವು; ಹುಣಸೆಮರದ ಕೆಳಗಿನ ಹಿಂಸೆಗೆ ಯಾವ ಶಸ್ತ್ರವೂ ಬೇಕಾಗಲಿಲ್ಲ.

ಆದುದರಿಂದ ಟ್ರಸ್ಟುಗಳ ಮುಂದೆ ನಾಲ್ಕು ಸೂಚನೆಗಳನ್ನು ಇಡುತ್ತೇನೆ. ಒಂದು: ವ್ರತ ಬಿಟ್ಟವರನ್ನು, ಅನ್ಯ ಸಮಾಜದಲ್ಲಿ ವಿವಾಹವಾದವರನ್ನು, ನಂಬಿಕೆ ಕಳೆದುಕೊಂಡವರನ್ನು ಪಂಕ್ತಿಯಿಂದಲೂ ಸಭಾಭವನದಿಂದಲೂ ಹೊರಗಿಡುವ ಹಳೆಯ ಠರಾವುಗಳನ್ನು ಹುಡುಕಿ, ಸಭೆಯಲ್ಲಿ ಓದಿ, ರದ್ದುಮಾಡಿರಿ. ಮಾತಿನಲ್ಲಿ ಮರೆತರೆ ಸಾಲದು. 2008ರ ನಮ್ಮ ಠರಾವನ್ನೂ ಎಲ್ಲರೂ ಮರೆತಿದ್ದರು, 2017ರಲ್ಲಿ ಅದು ತಾನಾಗಿಯೇ ಎದ್ದು ಬಂತು. ಎರಡು: ಶಿಸ್ತಿನ ಕ್ರಮ ಅನಿವಾರ್ಯವಾದಲ್ಲಿ ಆ ವ್ಯಕ್ತಿಯ ಮಾತನ್ನು ಮೊದಲು ಕೇಳಿರಿ, ಕ್ರಮಕ್ಕೆ ಕಾಲಮಿತಿಯನ್ನು ಬರೆಯಿರಿ, ಹಿಂದಿರುಗುವ ದಾರಿಯನ್ನೂ ಅದೇ ಪುಟದಲ್ಲಿ ಬರೆಯಿರಿ. ಮೂರು: ಸಾವು, ರೋಗ, ಹಸಿವು, ಇವುಗಳಲ್ಲಿ ಯಾವ ಭೇದವೂ ಬೇಡ. ನಾಲ್ಕು: ಪ್ರತಿ ವರ್ಷ ಕ್ಷಮಾವಣಿಯ ದಿನ ಹಿರಿಯರಿಬ್ಬರು ಇಂಥವರ ಮನೆಗೆ ನಡೆದು ಹೋಗಲಿ. ಎಂಬತ್ತನಾಲ್ಕು ಲಕ್ಷ ಯೋನಿಯ ಸಕಲ ಜೀವಗಳ ಕ್ಷಮೆ ಬೇಡುವ ಪತ್ರಗಳನ್ನು ಅಚ್ಚುಹಾಕಿಸಿ ಹಂಚುತ್ತೇವೆ. ಪಕ್ಕದ ತಾಲ್ಲೂಕಿನ ಒಂದು ಜೀವದ ವಿಳಾಸ ನಮ್ಮ ಪಟ್ಟಿಯಲ್ಲಿರುವುದಿಲ್ಲ.

ನಾನು ಹೋಗಿ ಬಂದೆ. ಅವನ ಅಂಗಡಿಯ ಹಿಂದೆಯೇ ಮನೆ. ಬಾಗಿಲಲ್ಲಿ ನನ್ನನ್ನು ಕಂಡು ಅವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಕ್ಷಮೆ ಕೇಳಲು ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ವಾಕ್ಯಗಳು ನನಗೂ ನೆನಪಾಗಲಿಲ್ಲ. ಎರಡು ಕೈ ಜೋಡಿಸಿದೆ, ಅಷ್ಟೇ. ಅವನು ಒಳಗೆ ಹೋಗಿ, ಕೊಡದ ಬಾಯಿಗೆ ಕಟ್ಟಿದ್ದ ಸೋಸುವ ಬಟ್ಟೆಯನ್ನು ಬಿಚ್ಚಿ, ಚೊಂಬಿನಲ್ಲಿ ನೀರು ತಂದುಕೊಟ್ಟ. ಕುಡಿದೆ. ಅನಂತರ ತೊಗರಿಯ ದರದ ಮಾತು ಬಂತು.

ನಮ್ಮ ಟ್ರಸ್ಟಿನ ಮುಂದಿನ ವಾರ್ಷಿಕ ಸಭೆಗೆ ರದ್ದತಿಯ ಸೂಚನೆಯನ್ನು ಬರೆದು ಕೊಟ್ಟಿದ್ದೇನೆ. ಅನುಮೋದಿಸಲು ಇನ್ನೂ ಒಬ್ಬ ಸದಸ್ಯರು ಬೇಕು. ಆ ಹನ್ನೊಂದು ಜನರಲ್ಲಿ ಆರು ಮಂದಿ ಈಗಲೂ ಇದ್ದಾರೆ. ಈ ಪತ್ರಿಕೆ ಅವರೆಲ್ಲರ ಮನೆಗೂ ಹೋಗುತ್ತದೆ.